ಹಳೆ ಮ್ಯಾಸಿ 1035: ಲಿವರ್ ಎರಡು, ಪೈಪು ಒಂದು, ಟ್ರಾಲಿ ಮಾತ್ರ ಅರ್ಧಕ್ಕೆ ನಿಲ್ಲುತ್ತೆ

ಎರಿಹೊಲ_ಜತ್ತ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕು. ಅಪ್ಪ ಎಂಬತ್ತರ ದಶಕದಲ್ಲಿ ತಗೊಂಡಿದ್ದ ಮ್ಯಾಸಿ 1035 ಟ್ರ್ಯಾಕ್ಟರ್ ಇನ್ನೂ ಮನೆಯಲ್ಲೇ ಇದೆ. ಇಂಜಿನ್ ಗಟ್ಟಿಮುಟ್ಟು. ಇಲ್ಲಿವರೆಗೆ ಕುಂಟಿ, ನೇಗಿಲು, ನೀರಿನ ಟ್ಯಾಂಕರ್ ಅಷ್ಟೇ ಅದರ ಕೆಲಸ. ಈ ವರ್ಷ ಮುರುಮು (ಗರಸು ಮಣ್ಣು), ತಿಪ್ಪೆಗೊಬ್ಬರ ಹೊಡೆಯೋಣ ಅಂತ ಹಳೆ ಡಂಪಿಂಗ್ ಟ್ರಾಲಿ ತಂದೆ. ಎತ್ತೋಕೆ ಒಂದು ಹೈಡ್ರಾಲಿಕ್ ಜಾಕು, ಅದಕ್ಕೆ ಒಂದೇ ಪೈಪು. ಅಪ್ಪನ ಕಾಲದಲ್ಲೇ ಯಾರೋ ಮೇಸ್ತ್ರಿ ಸೀಟಿನ ಕೆಳಗಿಂದ ಲೈನ್ ಎಳೆದು ಹಿಂದೆ ಕಪ್ಲರ್ (ಪೈಪು ಕೂಡಿಸಿ ಬಿಚ್ಚುವ ಜೋಡಣೆ) ಹಾಕಿದ್ದಾರೆ. ಅದನ್ನು ಯಾರೂ ಬಳಸಿಲ್ಲ.

ತೊಂದರೆ ಇಷ್ಟು. ಸೀಟಿನ ಬಲಗಡೆ ಎರಡು ಲಿವರ್ ಇವೆ, ಪಟ್ಟಿಯ ಮೇಲಿನ ಅಕ್ಷರ ಸವೆದು ಹೋಗಿವೆ. ಲಿವರ್ ಎಳೆದರೆ ಮೊದಲು ಹಿಂದಿನ ಲಿಫ್ಟ್ ಕೈಗಳು ಏಳುತ್ತವೆ. ಆಮೇಲೆ ಟ್ರಾಲಿ ಒಂದು ಗೇಣು ಎದ್ದು ಅಲ್ಲೇ ನಿಲ್ಲುತ್ತೆ. ಇನ್ನೊಂದು ವಿಚಿತ್ರ ಅಂದರೆ, ಬೆಳಿಗ್ಗೆ ಕಪ್ಲರ್ ಸಲೀಸಾಗಿ ಕೂಡುತ್ತೆ, ಮಧ್ಯಾಹ್ನ ಎಷ್ಟು ಒತ್ತಿದರೂ ಕೂಡಲ್ಲ.

ಫಿಟ್ಟರ್ ಒಬ್ಬರು ಬಂದು ನೋಡಿ, ಟಾಪ್ ಕವರ್ (ಸೀಟಿನ ಕೆಳಗಿನ ಹೈಡ್ರಾಲಿಕ್ ಮುಚ್ಚಳ) ಇಳಿಸಿ ಪಂಪ್ ಬದಲಿಸಬೇಕು ಅಂದರು. ಇಳಿಸಲೇಬೇಕಾ? ಮತ್ತೆ ಇದೇ ಕಪ್ಲರಿಗೆ ಹೈಡ್ರಾಲಿಕ್ ಪಲ್ಟಿ ನೇಗಿಲು (ಸಾಲಿನ ತುದಿಯಲ್ಲಿ ಫಾಳ ಮಗುಚಿ ತಿರುಗುವಂಥದ್ದು) ನಡೆಯುತ್ತಾ? ಗೊತ್ತಿದ್ದವರು ಹೇಳಿ.

ಭೀಮಾತೀರ:
ಕೈಗಳು ಏಳ್ತಾವೆ ಅಂದ್ರೆ ಪಂಪ್ ಬದುಕಿದೆ. ಟಾಪ್ ಕವರ್ ಮುಟ್ಟಬೇಡಿ.

ಸೊಲ್ಲಾಪುರ_ಗ್ಯಾರೇಜ್:
ಭೀಮಾತೀರ ಅವರೇ, ಅಷ್ಟು ಬೇಗ ತೀರ್ಪು ಕೊಡಬೇಡಿ. ಖಾಲಿ ಕೈ ಏಳೋದು ಬೇರೆ, ಭಾರ ಹೊರೋದು ಬೇರೆ. ಪಂಪ್ ಸವೆದಿದ್ದರೂ ಖಾಲಿ ಕೈ ಏಳುತ್ತೆ. ಆದರೆ ಟಾಪ್ ಕವರ್ ಸದ್ಯಕ್ಕೆ ಬೇಡ ಅನ್ನೋದು ನನ್ನದೂ ಮಾತು. ಮೊದಲು ಲಿವರ್, ಆಯಿಲ್, ಕಪ್ಲರ್ ಈ ಮೂರನ್ನು ನೋಡಬೇಕು. ಇವಕ್ಕೆ ರೊಕ್ಕ ಬೀಳಲ್ಲ, ಅದಕ್ಕೇ ಫಿಟ್ಟರ್‌ಗಳು ಇದನ್ನು ಹೇಳಲ್ಲ.

ಲಿವರ್ ವಿಷಯ ಹೇಳ್ತೀನಿ. ಒಂದು ಪೊಸಿಷನ್, ಇನ್ನೊಂದು ಡ್ರಾಫ್ಟ್. ಅಕ್ಷರ ಇಲ್ಲ ಅಂದ್ರೆ ಹೀಗೆ ಗುರುತು ಹಿಡಿಯಿರಿ. ಹಿಂದೆ ಕುಂಟಿ ಕಟ್ಟಿ, ಇಂಜಿನ್ ಸ್ಟಾರ್ಟ್ ಮಾಡಿ, ಎರಡೂ ಲಿವರ್ ಪೂರ್ತಿ ಮೇಲೆ ಇಡಿ. ಈಗ ಒಂದನ್ನು ನಿಧಾನ ಕೆಳಗೆ ತನ್ನಿ. ಲಿವರ್ ಅರ್ಧ ಬಂದಾಗ ಕೈಯೂ ಅರ್ಧಕ್ಕೆ ನಿಂತರೆ ಅದು ಪೊಸಿಷನ್. ಅರ್ಧ ಗಿರ್ಧ ಇಲ್ಲದೆ, ಒಂದು ಕಡೆ ದಾಟಿದ ಕೂಡಲೇ ದಡಕ್ಕನೆ ಪೂರ್ತಿ ಇಳಿದರೆ ಅದು ಡ್ರಾಫ್ಟ್. ಡ್ರಾಫ್ಟ್ ಲಿವರಿಗೆ ಎತ್ತರ ಗೊತ್ತಿಲ್ಲ. ನೇಗಿಲಿಗೆ ಮಣ್ಣು ಎಷ್ಟು ತಡೀತಿದೆ ಅನ್ನೋದಷ್ಟೇ ಅದರ ಲೆಕ್ಕ.

ಗುರುತು ಸಿಕ್ಕ ಮೇಲೆ ಸೀಮೆಎಣ್ಣೆ ಬಟ್ಟೆಯಿಂದ ಪಟ್ಟಿ ಒರೆಸಿ, ಬಿಳಿ ಬಣ್ಣದಲ್ಲಿ ನೀವೇ ಗೆರೆ ಹಾಕಿ.

ಎರಿಹೊಲ_ಜತ್ತ:
ಟ್ರಾಲಿಗೆ ಯಾವುದು ಬಳಸಬೇಕು ಕಾಕಾ?

ಸೊಲ್ಲಾಪುರ_ಗ್ಯಾರೇಜ್:
ಪೊಸಿಷನ್. ಡ್ರಾಫ್ಟ್ ಲಿವರ್ ಪೂರ್ತಿ ಮೇಲೆ ಇಟ್ಟು ಅದನ್ನು ಮರೆತುಬಿಡಿ.

ನಿಮ್ಮ ಟ್ರಾಲಿ ಒಂದು ಗೇಣಿಗೆ ನಿಲ್ಲೋದಕ್ಕೆ ಕಾರಣ ಇದು. ನಿಮ್ಮ ಲೈನ್ ಲಿಫ್ಟ್ ಸಿಲಿಂಡರ್ ಲೈನಿಗೇ ಕವಲು ಹೊಡೆದು ತಗೊಂಡದ್ದು. ಆಯಿಲ್ ಯಾವಾಗಲೂ ಹಗುರ ಇರೋ ಕಡೆ ಮೊದಲು ಹೋಗುತ್ತೆ. ಹಿಂದಿನ ಕೈ ಖಾಲಿ, ಅದಕ್ಕೇ ಅವು ಮೊದಲು ಏಳುತ್ತವೆ. ಕೈ ಮೇಲೆ ಮುಟ್ಟಿದ ಕೂಡಲೇ ಒಳಗಿನ ಲಿಂಕೇಜ್ ‘ಲಿವರ್ ಕೇಳಿದ ಎತ್ತರ ಬಂತು’ ಅಂತ ವಾಲ್ವು ಮುಚ್ಚುತ್ತೆ. ಟ್ರಾಲಿ ಎದ್ದಿದೆಯೋ ಇಲ್ಲವೋ ಅದಕ್ಕೆ ಗೊತ್ತೇ ಇಲ್ಲ.

ಅದಕ್ಕೇ ಮ್ಯಾಸಿ 35, 135 ಸಾಲಿನ ಗಾಡಿಗಳಲ್ಲಿ ಪೊಸಿಷನ್ ಪಟ್ಟಿಯ ಮೇಲೆ ಟ್ರಾನ್ಸ್‌ಪೋರ್ಟ್ (ಕೈಗಳು ಪೂರ್ತಿ ಮೇಲೆ ನಿಲ್ಲುವ ಗುರುತು) ದಾಟಿ ಇನ್ನೊಂದು ಗುರುತು ಕೊಟ್ಟಿದ್ದಾರೆ: ಕಾನ್‌ಸ್ಟಂಟ್ ಪಂಪಿಂಗ್. ಲಿವರ್ ಅಲ್ಲಿಗೆ ಒಯ್ದರೆ ಕೈಗಳ ಮಾತು ಕೇಳದೆ ಪಂಪ್ ಆಯಿಲ್ ಕೊಡ್ತಾನೇ ಇರುತ್ತೆ. ದಾರಿಯಲ್ಲಿ ಕೈಯಿಂದ ಬಿಗಿಸುವ ಸ್ಟಾಪ್ ಇರುತ್ತೆ, ಅದನ್ನು ಸಡಿಲಿಸಿ ದಾಟಿಸಿ. ಟ್ರಾಲಿ ಬೇಕಾದಷ್ಟು ಎದ್ದ ಮೇಲೆ ಲಿವರನ್ನು ಟ್ರಾನ್ಸ್‌ಪೋರ್ಟಿಗೆ ವಾಪಸ್ ತನ್ನಿ, ಅಲ್ಲೇ ನಿಲ್ಲುತ್ತೆ. ಇಳಿಸೋಕೆ ಲಿವರ್ ಕೆಳಗೆ. ಟ್ರಾಲಿ ತನ್ನ ಭಾರದಿಂದ ತಾನೇ ಇಳಿಯುತ್ತೆ, ಆಯಿಲ್ ಅದೇ ಪೈಪಿನಲ್ಲಿ ವಾಪಸ್ ಬರುತ್ತೆ.

ಲಿವರ್ ಕಾನ್‌ಸ್ಟಂಟಿನಲ್ಲೇ ಬಿಟ್ಟು ಬೀಡಿ ಹಚ್ಚಬೇಡಿ. ಜಾಕು ತುದಿ ಮುಟ್ಟಿದ ಮೇಲೆ ರಿಲೀಫ್ ವಾಲ್ವು (ಹೆಚ್ಚಾದ ಪ್ರೆಶರ್ ಬಿಡುವ ವಾಲ್ವು) ಕಿರ್ ಅಂತ ಕೂಗುತ್ತೆ, ಆಯಿಲ್ ಕಾಯುತ್ತೆ.

ಮುರುಮು_ಬ್ರಾಸ್:
ಇದಕ್ಕಿಂತ ಮುಖ್ಯ ಒಂದು ಮಾತು. ಟ್ರಾಲಿಯನ್ನು ಯಾವುದಕ್ಕೆ ಕಟ್ಟುತ್ತೀರಿ? ಕೆಲವರು ಕೆಳಗಿನ ಎರಡು ಕೈಗಳ ನಡುವೆ ತೂತಿನ ಪಟ್ಟಿ ಹಾಕಿ ಅದಕ್ಕೇ ಟ್ರಾಲಿ ಕಟ್ಟುತ್ತಾರೆ. ಲಿವರ್ ಎಳೆದರೆ ಟ್ರಾಲಿಯ ಮೂತಿಯೇ ಮೇಲೆ ಏಳುತ್ತೆ, ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರ ಆಗುತ್ತೆ. ಟ್ರಾಲಿ ಹಿಂದಿನ ಗಟ್ಟಿ ಹುಕ್ಕಿಗೇ ಇರಬೇಕು, ಪಟ್ಟಿ ಬಿಚ್ಚಿ ಇಟ್ಟಿರಬೇಕು.

ಎರಿಹೊಲ_ಜತ್ತ:
ಹುಕ್ಕಿಗೇ ಕಟ್ಟೋದು ಅಣ್ಣಾ. ಪಟ್ಟಿ ಮಾತ್ರ ಬಿಚ್ಚಿರಲಿಲ್ಲ, ಬಿಚ್ಚುತ್ತೀನಿ.

ರಾಯದುರ್ಗ_ಶೇಂಗಾ:
ಮಧ್ಯಾಹ್ನದ ಕಪ್ಲರ್ ಬಗ್ಗೆ ನಾನು ಹೇಳ್ತೀನಿ, ನಮ್ಮ ಕಡೆ ಬಿಸಿಲು ನಿಮಗಿಂತ ಜಾಸ್ತಿ.

ಕಪ್ಲರ್ ಎರಡು ಭಾಗ, ಗಂಡು ಮತ್ತು ಹೆಣ್ಣು. ಎರಡರ ಒಳಗೂ ಸ್ಪ್ರಿಂಗ್ ಹಿಂದೆ ಒಂದು ಮೊಟಕು ಮೂತಿಯ ಪಾಪೆಟ್ ಇರುತ್ತೆ, ಕೆಲವು ಹಳೆಯದರಲ್ಲಿ ಉಕ್ಕಿನ ಗುಂಡು. ಬಿಚ್ಚಿದ ಕೂಡಲೇ ಅದು ಬಾಯಿ ಮುಚ್ಚುತ್ತೆ, ಆಯಿಲ್ ಸೋರಲ್ಲ. ಈಗ ಟ್ರಾಲಿ ಬಿಸಿಲಲ್ಲಿ ನಿಂತಿದೆ. ಪೈಪಿನಲ್ಲಿ ಆಯಿಲ್ ತುಂಬಿದೆ, ಬಾಯಿ ಮುಚ್ಚಿದೆ. ಕಾದರೆ ಆಯಿಲ್ ಹಿಗ್ಗುತ್ತೆ, ಹೋಗೋಕೆ ಜಾಗ ಇಲ್ಲ. ಒಳಗೆ ಪ್ರೆಶರ್ ಏರುತ್ತೆ. ಆ ಪ್ರೆಶರಿಗೆ ಎದುರಾಗಿ ಪಾಪೆಟ್ ಒತ್ತೋಕೆ ಕೈಯಿಂದ ಆಗಲ್ಲ. ಬೆಳಿಗ್ಗೆ ತಣ್ಣಗಾದಾಗ ಕೂಡುತ್ತೆ.

ಬಿಚ್ಚುವ ಮೊದಲು ಟ್ರಾಲಿ ಪೂರ್ತಿ ಇಳಿಸಿ, ಇಂಜಿನ್ ಬಂದ್ ಮಾಡಿ, ಲಿವರ್ ಕೆಳಗೇ ಇಡಿ. ಸ್ವಲ್ಪ ನಿಂತು ಆಮೇಲೆ ಬಿಚ್ಚಿ. ಪೈಪಿನ ತುದಿ ಟ್ರಾಲಿಯ ನೆರಳಲ್ಲಿ ಕಟ್ಟಿ. ಅಷ್ಟಾದರೂ ಕೂಡದಿದ್ದರೆ ಒದ್ದೆ ಗೋಣಿ ಸುತ್ತಿ.

ಭೀಮಾತೀರ:
ನಮ್ಮೂರಲ್ಲಿ ಪಾಪೆಟ್ ಮೂತಿಗೆ ಸುತ್ತಿಗೆಯಿಂದ ಒಂದು ಏಟು. ಚಿರ್ ಅಂತ ಆಯಿಲ್ ಹಾರುತ್ತೆ, ಕೂಡುತ್ತೆ. ಮುಗೀತು.

ರಾಯದುರ್ಗ_ಶೇಂಗಾ:
ಮುಗಿಯೋದು ಪಾಪೆಟ್ ರೀ. ಮೂತಿಗೆ ಗುಳಿ ಬಿದ್ದರೆ ಆಮೇಲೆ ಅದು ಸರಿಯಾಗಿ ಮುಚ್ಚೋದೂ ಇಲ್ಲ, ತೆರೆಯೋದೂ ಇಲ್ಲ. ಹಾರೋ ಆಯಿಲ್ ಕಣ್ಣಿಗೆ ಬಿದ್ದರೆ?

ಮುರುಮು_ಬ್ರಾಸ್:
ಏಟು ತಿಂದ ಪಾಪೆಟ್ ಏನು ಮಾಡುತ್ತೆ ಅಂತ ಕಂಡವನು ಹೇಳ್ತೀನಿ ಕೇಳಿ. ಅಕ್ಕಲಕೋಟ ರಸ್ತೆ ಕೆಲಸಕ್ಕೆ ಮುರುಮು ಹೊಡೆಯುವಾಗ ಒಬ್ಬರ ಟ್ರಾಲಿ ಎದ್ದಿತು, ಇಳಿಯಲೇ ಇಲ್ಲ. ಲಿವರ್ ಕೆಳಗೆ ಒತ್ತಿದರೂ ಟ್ರಾಲಿ ಆಕಾಶ ನೋಡ್ತಾ ನಿಂತಿದೆ. ಹೋಗುವಾಗ ಆಯಿಲ್ ಪ್ರೆಶರ್ ಪಾಪೆಟನ್ನು ತಳ್ಳಿ ದಾರಿ ಮಾಡಿಕೊಳ್ಳುತ್ತೆ. ವಾಪಸ್ ಬರುವಾಗ ಅದೇ ಪಾಪೆಟ್ ಬಾಗಿಲು ಹಾಕುತ್ತೆ. ಒಮ್ಮುಖದ ವಾಲ್ವು ಆಗಿಬಿಡುತ್ತೆ. ಬೇರೆ ಬೇರೆ ಕಂಪನಿಯ ಗಂಡು, ಹೆಣ್ಣು ಕೂಡಿಸಿದರೂ ಇದೇ ಕತೆ. ಹೊರಗಿಂದ ಕೂಡಿದ ಹಾಗೆ ಕಾಣುತ್ತೆ, ಟಕ್ ಅಂತ ಸದ್ದೂ ಬರುತ್ತೆ, ಒಳಗಿನ ಮೂತಿ ಮಾತ್ರ ಪೂರ್ತಿ ಒತ್ತಿರಲ್ಲ.

ಆಗ ಹುಡುಗ ಒಬ್ಬ ಸ್ಪ್ಯಾನರ್ ಹಿಡಿದು ಟ್ರಾಲಿ ಕೆಳಗೆ ನುಗ್ಗಿದ, ಪೈಪ್ ಸಡಿಲಿಸ್ತೀನಿ ಅಂತ. ನಾವು ಅಂಗಿ ಹಿಡಿದು ಎಳೆದುಕೊಂಡೆವು. ಮೊದಲು ಚಾಸಿ ಮತ್ತು ಬಾಡಿ ನಡುವೆ ಗಟ್ಟಿ ಆಸರೆ ಕೊಟ್ಟು, ಆಮೇಲೆ ಟ್ರ್ಯಾಕ್ಟರ್ ಕಡೆಯ ನಟ್ ಪಕ್ಕದಲ್ಲಿ ನಿಂತು ಕಾಲು ಸುತ್ತು ಬಿಟ್ಟು, ಆಯಿಲ್ ಸೋರಿಸಿ ಇಳಿಸಿದರು. ಎತ್ತಿದ ಟ್ರಾಲಿ ಕೆಳಗೆ ಬರಿ ಆಯಿಲನ್ನು ನಂಬಿ ಯಾರೂ ಹೋಗಬೇಡಿ.

ಕುಂಬಳೆ_ಅಡಿಕೆ:
ಕಾಸರಗೋಡಿನಿಂದ ಒಂದು ಮಾತು ಮಾರಾಯ್ರೇ. ಸೋರಿಕೆ ಎಲ್ಲಿ ಅಂತ ಕೈಯಾಡಿಸಿ ನೋಡುವ ಅಭ್ಯಾಸ ಬಿಡಿ. ಪೈಪಿನಲ್ಲಿ ಕೂದಲೆಳೆಯ ತೂತು ಇದ್ದರೆ ಆಯಿಲ್ ಚರ್ಮ ತೂರಿ ಒಳಗೆ ಹೋಗ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲು ಕಮ್ಮಿ. ಒಳಗೆ ಮಾಂಸ ಸಾಯ್ತದೆ. ಕೆಲವು ಗಂಟೆಯೊಳಗೆ ಆಪರೇಷನ್ ಆಗದಿದ್ದರೆ ಬೆರಳೇ ತೆಗೆಯಬೇಕಾಗ್ತದೆ. ರಟ್ಟಿನ ತುಂಡು ಹಿಡಿದು ನೋಡಿ. ಆಸ್ಪತ್ರೆಗೆ ಹೋದರೆ ‘ಪ್ರೆಶರ್ ಆಯಿಲ್ ಒಳಗೆ ಹೋಗಿದೆ’ ಅಂತ ಬಾಯಿಬಿಟ್ಟು ಹೇಳಿ, ಇಲ್ಲಾಂದ್ರೆ ಮುಲಾಮು ಹಚ್ಚಿ ಕಳಿಸ್ತಾರೆ.

ಭೀಮಾತೀರ:
ನಿಮ್ಮ ಕಡೆ ಟ್ರ್ಯಾಕ್ಟರ್ ಎಲ್ಲಿದೆ ಸಾರ್? ಬರೀ ಗುಡ್ಡ, ಅಡಿಕೆ.

ಕುಂಬಳೆ_ಅಡಿಕೆ:
ಟಿಲ್ಲರ್ ಉಂಟು, ಮಿನಿ ಟ್ರ್ಯಾಕ್ಟರ್ ಉಂಟು, ಕೆಂಪುಕಲ್ಲಿನ ಕ್ವಾರಿಯಲ್ಲಿ ಹೈಡ್ರಾಲಿಕ್ ಬೇಕಾದಷ್ಟು ಉಂಟು. ಹೊಲ ಉದ್ದ ಇದ್ದರೆ ಮಾತ್ರ ಆಯಿಲ್ ಬಿಸಿ ಆಗುವುದಾ?

ಹೊಸೂರು_ರಾಗಿ:
ನಿಮ್ಮಿಬ್ಬರ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ನನಗೊಂದು ಅನುಮಾನ. ಜಾಕಿಗೆ ಎಷ್ಟು ಆಯಿಲ್ ಹೋಗುತ್ತೆ? ಮ್ಯಾಸಿಯಲ್ಲಿ ಗೇರ್ ಮತ್ತು ಹೈಡ್ರಾಲಿಕ್ ಎರಡಕ್ಕೂ ಒಂದೇ ಆಯಿಲ್ ಅಲ್ವಾ? ಅಷ್ಟೂ ಟ್ರಾಲಿಗೆ ಹೋದರೆ ಗೇರಿಗೆ ಏನು ಉಳಿಯುತ್ತೆ?

ಲೆಕ್ಕದ_ಮೇಷ್ಟ್ರು:
ಒಳ್ಳೆ ಪ್ರಶ್ನೆ. ಲೆಕ್ಕ ಹಾಕೋಣ. ಜಾಕಿನ ಒಳ ವ್ಯಾಸ 100 ಮಿಲಿಮೀಟರ್, ಓಟ 1 ಮೀಟರ್ ಅಂತ ಹಿಡಿಯಿರಿ. ಅಡ್ಡಕೊಯ್ತ 78.5 ಚದರ ಸೆಂಟಿಮೀಟರ್. ಒಟ್ಟು 7.85 ಲೀಟರ್ ಆಯಿಲ್ ಬೇಕು. ಪಂಪ್ ನಿಮಿಷಕ್ಕೆ 15 ಲೀಟರ್ ಕೊಟ್ಟರೆ ಅರ್ಧ ನಿಮಿಷದಲ್ಲಿ ಟ್ರಾಲಿ ಪೂರ್ತಿ ಏಳಬೇಕು. ಎರಡು ನಿಮಿಷ ತಗೊಂಡರೆ ಎಲ್ಲೋ ಆಯಿಲ್ ಕಳೆದುಹೋಗ್ತಿದೆ.

ಭಾರದ ಲೆಕ್ಕವೂ ಇದರಲ್ಲೇ ಇದೆ. ಈ ಸಾಲಿನ ಗಾಡಿಗಳ ಪ್ರೆಶರ್ ಸುಮಾರು 2500 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 175 ಕೆಜಿ. ಹಳೆ ಪಂಪ್ ಅಂತ 150 ಹಿಡಿಯೋಣ. 78.5 ಗುಣಿಸು 150, ಹತ್ತಿರ ಹತ್ತಿರ 11.8 ಟನ್ ತಳ್ಳುವ ಶಕ್ತಿ. ಒಂದು ಬ್ರಾಸ್ ಮುರುಮು ಅಂದರೆ 100 ಘನ ಅಡಿ, ನಾಲ್ಕೂವರೆಯಿಂದ ಐದು ಟನ್. ಸಾಕಾಗಬೇಕು. ಆದರೆ ಜಾಕು ಓರೆಯಾಗಿ ಮಲಗಿರುತ್ತೆ, ಎತ್ತುವ ಮೊದಲ ಗೇಣಿಗೇ ಎಲ್ಲಕ್ಕಿಂತ ಜಾಸ್ತಿ ಬಲ ಬೇಕು. ಮೊದಲ ಗೇಣು ದಾಟಿದ ಟ್ರಾಲಿ ಆಮೇಲೆ ನಿಂತರೆ ಅದು ಬಲದ ಕೊರತೆ ಅಲ್ಲ. ಗ್ಯಾರೇಜ್ ಕಾಕಾ ಹೇಳಿದ ಲಿವರ್ ಮಾತೇ ಸರಿ ಕಾಣುತ್ತೆ.

ಮುರುಮು_ಬ್ರಾಸ್:
ಮೇಷ್ಟ್ರೇ, ಕೊಳವೆಯೊಳಗೆ ಕೊಳವೆ ಇರೋ ಜಾಕಿನಲ್ಲಿ ಹಾಗಲ್ಲ. ದಪ್ಪ ಕೊಳವೆ ಮೊದಲು ಹೊರಬರುತ್ತೆ, ಸಣ್ಣದು ಕೊನೆಗೆ. ಸಣ್ಣದಕ್ಕೆ ಬಲ ಕಮ್ಮಿ. ಹಸಿ ಮಣ್ಣು ಅಂಟಿಕೊಂಡು ಜಾರದೇ ಇದ್ದರೆ ಕೊನೆಯಲ್ಲೂ ನಿಲ್ಲುತ್ತೆ.

ಲೆಕ್ಕದ_ಮೇಷ್ಟ್ರು:
ಒಪ್ಪಿದೆ. ಎರೆಮಣ್ಣು ತುಂಬಿದರೆ ಯಾವ ಲೆಕ್ಕವೂ ನಿಲ್ಲಲ್ಲ.

ಸೊಲ್ಲಾಪುರ_ಗ್ಯಾರೇಜ್:
ಹೊಸೂರಿನವರ ಪ್ರಶ್ನೆಗೆ ಉತ್ತರ. ಹೌದು, ಒಂದೇ ಆಯಿಲ್. ಪಂಪ್ ಗೇರ್ ಆಯಿಲ್ ತುಂಬಿರೋ ಹೌಸಿಂಗಿನ ಆಯಿಲ್‌ನಲ್ಲೇ ಮುಳುಗಿ ಕೂತಿರುತ್ತೆ, ನಾಲ್ಕು ಪಿಸ್ಟನ್ ಪಂಪ್. ಆಯಿಲ್ ಅಳತೆಯನ್ನು ಜಾಕು ಮಡಚಿದಾಗ ನೋಡಬೇಕು. ಟ್ರಾಲಿ ಎತ್ತಿದಾಗ ಮಟ್ಟ ಇಳಿದು ಪಂಪ್ ಗಾಳಿ ಎಳೆದರೆ ಆಯಿಲ್ ನೊರೆ ಬರುತ್ತೆ, ಟ್ರಾಲಿ ನಡುಗುತ್ತಾ ಏಳುತ್ತೆ. ದೊಡ್ಡ ಜಾಕಿನ ಟ್ರಾಲಿ ತಂದು ಈ ಗಾಡಿಗೆ ಕಟ್ಟೋರು ಇದನ್ನು ನೋಡೋದೇ ಇಲ್ಲ.

ಇನ್ನೊಂದು. ಹಳೆ ಟ್ರಾಲಿಯ ಜಾಕಿನಲ್ಲಿ ಏನಿದೆ ದೇವರಿಗೇ ಗೊತ್ತು. ಒಬ್ಬ ಗೇರ್ ಆಯಿಲ್ ಹಾಕಿರ್ತಾನೆ, ಇನ್ನೊಬ್ಬ ಸುಟ್ಟ ಇಂಜಿನ್ ಆಯಿಲ್. ಕೂಡಿಸಿದ ದಿನವೇ ಅದೆಲ್ಲ ನಿಮ್ಮ ಗೇರ್‌ಬಾಕ್ಸಿಗೆ ಬರುತ್ತೆ. ಮೊದಲು ಜಾಕಿನ ಹಳೆ ಆಯಿಲ್ ಚೆಲ್ಲಿ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆತ ಚಹಾದ ಬಣ್ಣ ಇದ್ದರೆ ನೀರು ಸೇರಿದೆ ಅಂತ ಅರ್ಥ.

ಕ್ಲಚ್ ಕೂಡ ನೆನಪಿಡಿ. ಪಂಪಿಗೆ ಶಕ್ತಿ ಕ್ಲಚ್ ದಾಟಿಯೇ ಬರೋದು. ಡ್ಯುಯಲ್ ಕ್ಲಚ್ ಇದ್ದರೆ ಅರ್ಧ ಒತ್ತಿದಾಗ ಗಾಡಿ ನಿಲ್ಲುತ್ತೆ, ಪಂಪ್ ತಿರುಗುತ್ತೆ. ಪೂರ್ತಿ ಒತ್ತಿದರೆ ಎರಡೂ ಬಂದ್. ಕ್ಲಚ್ ಮೇಲೆ ಕಾಲಿಟ್ಟು ಟ್ರಾಲಿ ಏಳ್ತಿಲ್ಲ ಅಂತ ಕೂಗೋರನ್ನೂ ಕಂಡಿದ್ದೀನಿ.

ತಾಳವಾಡಿ_ಜೀಟರ್:
ನಮ್ಮ ಮನೆಯಲ್ಲಿ ಎಚ್‌ಎಂಟಿ ಜೀಟರ್ 2511 ಇದೆ. ಇದಕ್ಕೆಲ್ಲ ಇಷ್ಟು ಕಷ್ಟ ಇಲ್ಲ. ಜೀಟರ್‌ಮ್ಯಾಟಿಕ್ ಅಂತ ಹೈಡ್ರಾಲಿಕ್. ಪೊಸಿಷನ್, ಡ್ರಾಫ್ಟ್, ಎರಡೂ ಬೆರೆತದ್ದು, ಮೂರೂ ಒಂದೇ ಗಾಡಿಯಲ್ಲಿ. 1971ರಲ್ಲಿ ಪಿಂಜೋರಿನಲ್ಲಿ ಶುರು ಮಾಡಿದ ಮಾಡೆಲ್. ಮ್ಯಾಸಿಯವರು ಸುಮ್ನೆ ಹೊಗಳಿಕೊಳ್ತಾರೆ.

ಭೀಮಾತೀರ:
ಹೌದು, ಪಾರ್ಟ್ಸ್ ಎಲ್ಲಿ ಸಿಗುತ್ತೆ ಅಂತಲೂ ಹೇಳಿಬಿಡಿ.

ತಾಳವಾಡಿ_ಜೀಟರ್:
ಅದೊಂದು ಕೇಳಬೇಡಿ. 2016ರಲ್ಲಿ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಗುಜರಿಯೇ ನಮ್ಮ ಶೋರೂಮ್.

ಹಳೇಗಾಲಿ:
ಡ್ರಾಫ್ಟ್ ಲಿವರ್ ಯಾಕೆ ಬಂತು ಅಂತ ಗೊತ್ತಾದರೆ ಅದನ್ನು ಯಾವಾಗ ಮುಟ್ಟಬಾರದು ಅಂತಲೂ ಗೊತ್ತಾಗುತ್ತೆ. ಐರ್ಲೆಂಡಿನ ಹ್ಯಾರಿ ಫರ್ಗೂಸನ್ ತಲೆಯಿಂದ ಬಂದದ್ದು, 1926ರಲ್ಲಿ ಪೇಟೆಂಟ್ ಸಿಕ್ಕಿತು. ಆಗಿನ ಟ್ರ್ಯಾಕ್ಟರುಗಳು ನೇಗಿಲನ್ನು ಸರಪಳಿ ಕಟ್ಟಿ ಎಳೆಯುತ್ತಿದ್ದವು. ನೇಗಿಲು ಬಂಡೆಗೆ ಸಿಕ್ಕರೆ ಮುಂದಿನ ಗಾಲಿ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತಿತ್ತು. ಫರ್ಗೂಸನ್ ಮೂರು ಲಿಂಕಿನಲ್ಲಿ ನೇಗಿಲು ಕಟ್ಟಿಸಿದ. ಮಣ್ಣು ಗಟ್ಟಿ ಸಿಕ್ಕಾಗ ಮೇಲಿನ ಟಾಪ್ ಲಿಂಕ್ ಮುಂದಕ್ಕೆ ತಳ್ಳುತ್ತೆ, ಅದರ ಹಿಂದಿನ ದೊಡ್ಡ ಸ್ಪ್ರಿಂಗ್ ಒತ್ತುತ್ತೆ, ಸ್ಪ್ರಿಂಗ್ ವಾಲ್ವನ್ನು ತೆರೆಯುತ್ತೆ, ನೇಗಿಲು ಒಂಚೂರು ಏಳುತ್ತೆ. ಸಡಿಲ ಮಣ್ಣು ಬಂದರೆ ಮತ್ತೆ ಇಳಿಯುತ್ತೆ. ನೇಗಿಲಿನ ಭಾರವೂ ಹಿಂದಿನ ಗಾಲಿ ಮೇಲೆ ಬಂದು ಹಿಡಿತ ಜಾಸ್ತಿ ಆಗುತ್ತೆ.

ಹಾಗಾಗಿ ಡ್ರಾಫ್ಟ್ ಇರೋದು ನೇಗಿಲಿಗೆ. ಬಿತ್ತುವಾಗ, ಕಳೆ ಹೊಡೆಯುವಾಗ, ಟ್ರಾಲಿಗೆ, ರೋಟಾವೇಟರಿಗೆ ಪೊಸಿಷನ್. ನಿಮ್ಮ ಕಡೆ ಎರೆ ಹೊಲದಲ್ಲಿ ಪೊಸಿಷನ್ನಿನಲ್ಲೇ ನೇಗಿಲು ಹೊಡೆದು ಗಾಲಿ ಜಾರಿಸೋರೇ ಜಾಸ್ತಿ.

ಭೀಮಾತೀರ:
ಹೈಡ್ರಾಲಿಕ್ ತಂದದ್ದು ಜಾನ್ ಡೀರ್ ಅಲ್ವಾ?

ಹಳೇಗಾಲಿ:
1960ರಲ್ಲಿ ಡೀರ್ ತಂದದ್ದು ಬೇರೆ, ಕ್ಲೋಸ್ಡ್ ಸೆಂಟರ್. ಅಲ್ಲಿ ಬೇಕಾದಾಗ ಮಾತ್ರ ಆಯಿಲ್ ಹರಿಯುತ್ತೆ, ಪ್ರೆಶರ್ ಯಾವಾಗಲೂ ತಯಾರಿರುತ್ತೆ. ಅದಕ್ಕೆ ಎಷ್ಟೋ ಮೊದಲು, 1938ರಲ್ಲಿ ಹೆನ್ರಿ ಫೋರ್ಡ್ ಮತ್ತು ಫರ್ಗೂಸನ್ ಬರೀ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು, ಕಾಗದ ಇಲ್ಲ. 1939ರಲ್ಲಿ ಫೋರ್ಡ್ 9ಎನ್ ಬಂತು. ಫೋರ್ಡಿನ ಮೊಮ್ಮಗನ ಕಾಲಕ್ಕೆ ಒಪ್ಪಂದ ಮುರಿದು ಕೋರ್ಟಿಗೆ ಹೋಯಿತು, 1952ರಲ್ಲಿ 92.5 ಲಕ್ಷ ಡಾಲರ್ ಕೊಟ್ಟು ರಾಜಿ ಆದರು. 1953ರಲ್ಲಿ ಫರ್ಗೂಸನ್ ಮ್ಯಾಸಿ ಹ್ಯಾರಿಸ್ ಜೊತೆ ಸೇರಿದ. ನಮ್ಮ ಚೆನ್ನೈನ ಟಾಫೆ ಕಂಪನಿ ಮಾಡಿದ ಮ್ಯಾಸಿಗಳು ಆ ವಂಶದವು.

ಮುರುಮು_ಬ್ರಾಸ್:
ಕೈ ಕುಲುಕಿ ವ್ಯವಹಾರ ಮಾಡಿ ಕೋರ್ಟಿಗೆ ಹೋಗೋದು ನಮ್ಮ ಕಡೆ ಪ್ರತಿ ಕಬ್ಬಿನ ಸೀಸನ್ನಿನಲ್ಲೂ ಇದೆ. ಡಾಲರ್ ಮಾತ್ರ ಇಲ್ಲ.

ಎರಿಹೊಲ_ಜತ್ತ:
ಎಲ್ಲರಿಗೂ ಥ್ಯಾಂಕ್ಸ್. ಕಾಕಾ ಹೇಳಿದ ಹಾಗೇ ಮಾಡಿದೆ. ಒಳಗಿನ ಗ್ರೀಸ್ ಕೆರೆದಾಗ ಪಟ್ಟಿಯ ಮೇಲೆ ಅರ್ಧ ಅಕ್ಷರ ಕಾಣಿಸಿದವು. ಸ್ಟಾಪ್ ತುಕ್ಕು ಹಿಡಿದು ಅಂಟಿಕೊಂಡಿತ್ತು, ಡೀಸೆಲ್ ಹಾಕಿ ಬಿಡಿಸಿದೆ. ಲಿವರ್ ಅದರಾಚೆ ಹೋದ ಕೂಡಲೇ ಟ್ರಾಲಿ ಎದ್ದಿತು, ಖಾಲಿ ಟ್ರಾಲಿ ಪೂರ್ತಿ ಮೇಲೆ. ಜಾಕಿನಿಂದ ಬಂದ ಹಳೆ ಆಯಿಲ್ ಕಪ್ಪಗೆ, ಕೆಳಗೆ ನೀರು ಬೇರೆ. ಮುರುಮು ತುಂಬಿದರೆ ಏಳುತ್ತೆ, ಆದರೆ ಎತ್ತಿ ನಿಲ್ಲಿಸಿದರೆ ನಿಧಾನ ಇಳಿಯುತ್ತೆ. ಇಂಜಿನ್ ಬಂದ್ ಮಾಡಿದರೂ ಇಳಿಯುತ್ತೆ. ಪಂಪಾ?

ಸೊಲ್ಲಾಪುರ_ಗ್ಯಾರೇಜ್:
ಟ್ರಾಲಿ ಬಿಚ್ಚಿ, ಹಿಂದಿನ ಕೈಗೆ ನೇಗಿಲು ಕಟ್ಟಿ ಎತ್ತಿ, ಇಂಜಿನ್ ಬಂದ್ ಮಾಡಿ ಬಿಡಿ. ನೇಗಿಲು ನಿಂತರೆ ಟ್ರ್ಯಾಕ್ಟರ್ ಚೆನ್ನಾಗಿದೆ, ಸೋರೋದು ಪೈಪು, ಕಪ್ಲರ್, ಜಾಕು ಕಡೆ. ಒಂದೇ ಪೈಪಿನ ಜಾಕು ಸೋರಿದರೆ ಆಯಿಲ್ ಹೊರಗೇ ಕಾಣುತ್ತೆ. ನೇಗಿಲೂ ಇಳಿದರೆ ಒಳಗಿನ ಸೀಲು, ಓರಿಂಗು ಅಥವಾ ವಾಲ್ವು. ಆಗ ಮಾತ್ರ ಟಾಪ್ ಕವರ್ ಮಾತು. ಅದಕ್ಕೂ ಮೊದಲು ಕಪ್ಲರಿಗೆ ಪ್ರೆಶರ್ ಗೇಜ್ ಹಾಕಿಸಿ ನೋಡಿ. ಗೇಜ್ ಇಲ್ಲದ ಫಿಟ್ಟರ್ ಪಂಪ್ ಬದಲಿಸು ಅಂದರೆ ಚಹಾ ಕೊಟ್ಟು ಕಳಿಸಿ.

ಎರಿಹೊಲ_ಜತ್ತ:
ನೇಗಿಲು ರಾತ್ರಿಯೆಲ್ಲ ನಿಂತಿತು. ಕವಲು ಲೈನಿನ ನಿಪ್ಪಲ್ ಹತ್ತಿರ ಹಸಿ ಇದೆ, ಈಗ ಕಂಡಿತು. ಟೆಫ್ಲಾನ್ ಟೇಪ್ ಸುತ್ತಲಾ?

ರಾಯದುರ್ಗ_ಶೇಂಗಾ:
ಬೇಡ. ಟೇಪಿನ ಎಳೆ ಹರಿದು ಒಳಗೆ ಹೋದರೆ ವಾಲ್ವಿನ ಬಾಯಲ್ಲಿ ಕೂರುತ್ತೆ. ಥ್ರೆಡ್ ನೋಡಿ ಮೊದಲು. ಅರ್ಧ ಇಂಚಿನ ಬಿಎಸ್‌ಪಿ ಮತ್ತು ಎನ್‌ಪಿಟಿ ಅನ್ನೋ ಎರಡು ಥರದ (ಬ್ರಿಟಿಷ್, ಅಮೆರಿಕನ್) ಪೈಪ್ ಥ್ರೆಡ್ಡಿನಲ್ಲೂ ಇಂಚಿಗೆ 14 ಎಳೆ. ಅದಕ್ಕೇ ಒಂದರೊಳಗೆ ಇನ್ನೊಂದು ಮೊದಲ ಸುತ್ತುಗಳಲ್ಲಿ ಹೋಗುತ್ತೆ, ಮೇಸ್ತ್ರಿ ‘ಕೂತಿತು’ ಅಂತಾನೆ. ಆದರೆ ಎಳೆಯ ಕೋನ ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ಬಿಗಿಸಿದಷ್ಟೂ ಸೋರುತ್ತೆ, ಕೊನೆಗೆ ಬೀಡು ಕಬ್ಬಿಣ ಸೀಳುತ್ತೆ. ಬಿಎಸ್‌ಪಿ ಆದರೆ ತಾಮ್ರದ ವಾಷರ್ ಹಾಕುವ ನಿಪ್ಪಲ್ ತಗೊಳ್ಳಿ.

ಭೀಮಾತೀರ:
ಪಲ್ಟಿ ನೇಗಿಲಿನ ಪ್ರಶ್ನೆ ಎಲ್ಲರೂ ಮರೆತರಲ್ಲ. ನಡೆಯುತ್ತೆ. ಒಂದು ಸ್ಪೂಲ್ ವಾಲ್ವು (ಆಯಿಲನ್ನು ಬೇಕಾದ ಪೈಪಿಗೆ ತಿರುಗಿಸುವ ವಾಲ್ವು) ಕೂಡಿಸಿ, ಎರಡು ಕಪ್ಲರ್ ಹಾಕಿ. ವಿಜಯಪುರದಲ್ಲಿ ಮಾಡಿಕೊಡ್ತಾರೆ.

ಸೊಲ್ಲಾಪುರ_ಗ್ಯಾರೇಜ್:
ಕೂಡಿಸಬಹುದು, ಆದರೆ ಏನಾಗುತ್ತೆ ಗೊತ್ತಾ? ಪಲ್ಟಿ ನೇಗಿಲಿನ ಜಾಕಿಗೆ ಎರಡು ಕಡೆಯಿಂದ ಪ್ರೆಶರ್ ಬೇಕು. ಒಂದು ಪೈಪಿನಲ್ಲಿ ಆಯಿಲ್ ಹೋಗುವಾಗ ಇನ್ನೊಂದರಲ್ಲಿ ವಾಪಸ್ ಬರಬೇಕು. ಮ್ಯಾಸಿಯ ಈ ಪಂಪಿನ ವಾಲ್ವು ಆಯಿಲ್ ಎಳೆಯುವ ಕಡೆ ಇದೆ, ತಳ್ಳುವ ಕಡೆ ಅಲ್ಲ. ಲಿವರ್ ಕೇಳದೆ ಪಂಪ್ ಆಯಿಲನ್ನೇ ಎಳೆಯಲ್ಲ. ಹಾಗಾಗಿ ಹೊರಗೆ ಸ್ಪೂಲ್ ವಾಲ್ವು ಹಾಕಿದರೆ ಪ್ರತಿ ಸಲ ಪಲ್ಟಿ ಹೊಡೆಸಲು ಮೊದಲು ಕಾನ್‌ಸ್ಟಂಟ್, ಆಮೇಲೆ ಸ್ಪೂಲ್, ಮತ್ತೆ ಲಿವರ್ ವಾಪಸ್. ಸಾಲಿನ ತುದಿಯಲ್ಲಿ ಸ್ಟೀರಿಂಗ್ ಹಿಡೀತೀರೋ ಇದನ್ನು ಹಿಡೀತೀರೋ? ಅದೂ ಅಲ್ಲದೆ ವಾಪಸ್ ಆಯಿಲಿಗೆ ಹೌಸಿಂಗಿನ ತನಕ ದಪ್ಪ ಪೈಪು ಬೇಕು, ಇಲ್ಲಾಂದ್ರೆ ಅಲ್ಲಿ ಪ್ರೆಶರ್ ಕಟ್ಟುತ್ತೆ.

ಭೀಮಾತೀರ:
ಮಾಡಿಸಿಕೊಂಡವರು ಇದ್ದಾರೆ ಕಾಕಾ, ಹೊಡೀತಿದ್ದಾರೆ.

ಲೆಕ್ಕದ_ಮೇಷ್ಟ್ರು:
ಯಾವ ಗಾಡಿಗೆ? ಈಗ ಮಾರುವ 1035 ಡಿಐಗೆ ಕಂಪನಿ ಹೇಳುವ ಎತ್ತುವ ಶಕ್ತಿಯೇ 1100 ಕೆಜಿ, 36 ಎಚ್‌ಪಿ. ಎರಡು ಫಾಳದ ಹೈಡ್ರಾಲಿಕ್ ಪಲ್ಟಿಯನ್ನು ಎತ್ತಬಹುದು, ಎರೆ ನೆಲದಲ್ಲಿ ಎಳೆಯೋದು ಕಷ್ಟ. ನೇಗಿಲಿನ ಭಾರ ಹಿಂದಕ್ಕೆ ಚಾಚಿಕೊಂಡಿರುತ್ತೆ, ಮುಂದೆ ತೂಕ ಕಟ್ಟದಿದ್ದರೆ ಸ್ಟೀರಿಂಗ್ ಹಗುರ. ಅಂಥ ನೇಗಿಲು 45, 50 ಎಚ್‌ಪಿ ಮೇಲಿನವಕ್ಕೆ.

ಹಳೇಗಾಲಿ:
ಕೈಯಿಂದ ತಿರುಗಿಸುವ ಮೆಕ್ಯಾನಿಕಲ್ ಪಲ್ಟಿ ಇವೆಯಲ್ಲ. ಹೈಡ್ರಾಲಿಕ್ ಲೈನೇ ಬೇಡ.

ಭೀಮಾತೀರ:
ಈಗಿನ ಹುಡುಗರು ಸೀಟಿನಿಂದ ಇಳಿದು ತಿರುಗಿಸ್ತಾರಾ?

ಎರಿಹೊಲ_ಜತ್ತ:
ನಾನು ಇಳೀತೀನಿ. ಮೆಕ್ಯಾನಿಕಲ್ ಒಂದು ಫಾಳದ್ದೇ ನೋಡ್ತೀನಿ. ಅಂದಹಾಗೆ ಟ್ರಾಲಿಗೆ ಲೈನ್ ಬಂದ್ ಮಾಡೋ ಕಾಕ್ ಹಾಕಲಾ? ನೇಗಿಲು ಕಟ್ಟಿದಾಗ ಆ ಕವಲಿನಲ್ಲೂ ಸುಮ್ನೆ ಪ್ರೆಶರ್ ನಿಲ್ಲುತ್ತೆ.

ಸೊಲ್ಲಾಪುರ_ಗ್ಯಾರೇಜ್:
ಹಾಕಿ. ಹೈ ಪ್ರೆಶರ್ ಬಾಲ್ ವಾಲ್ವೇ ತಗೊಳ್ಳಿ, ಮೇಲೆ ಪ್ರೆಶರ್ ಎಷ್ಟು ಬಾರ್ ಅಂತ ಬರೆದಿರುತ್ತೆ, 300ಕ್ಕೆ ಕಮ್ಮಿ ಬೇಡ. ನೀರಿನ ಪೈಪಿನ ಹಿತ್ತಾಳೆ ಕಾಕ್ ಹಾಕಿದರೆ ಸಿಡಿಯುತ್ತೆ.

ಕುಂಬಳೆ_ಅಡಿಕೆ:
ಗ್ಯಾರೇಜ್ ಕಾಕಾ, ನನ್ನದೂ ಒಂದು ಉಂಟು. ಮಿನಿ ಟ್ರ್ಯಾಕ್ಟರಿಗೆ ಮಂಗಳೂರಿನಿಂದ ಕಪ್ಲರ್ ತರಿಸಿದೆ, ಹೆಣ್ಣು ಸರಿ ಕೂತಿತು, ಗಂಡು ಒಳಗೆ ಹೋಗಿ ಲಾಕ್ ಆಗೋದಿಲ್ಲ. ಎರಡೂ ಅರ್ಧ ಇಂಚಿನದ್ದೇ.

ಸೊಲ್ಲಾಪುರ_ಗ್ಯಾರೇಜ್:
ಅರ್ಧ ಇಂಚು ಅನ್ನೋದು ಹಿಂದಿನ ಥ್ರೆಡ್ಡಿನ ಅಳತೆ ಸಾರ್, ಮೂತಿಯದ್ದಲ್ಲ. ಮೂತಿಯ ದಪ್ಪ, ಗುಂಡುಗಳು ಕೂರುವ ತೋಡು ಎಷ್ಟು ಹಿಂದೆ ಇದೆ ಅನ್ನೋದು ಎರಡು ಕಂಪನಿಗಳಲ್ಲಿ ಎರಡು ಥರ. ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಬರೋದು ಐಎಸ್‌ಒ 7241 ಅನ್ನೋ ಅಳತೆ ಮಾನಕದ ಎ ಸೀರೀಸ್. ಅಂಗಡಿಯಲ್ಲಿ ಬಿ ಸೀರೀಸ್ ಕೊಟ್ಟಿರಬೇಕು, ಅದು ಕಾರ್ಖಾನೆ ಕೆಲಸಕ್ಕೆ ಬಳಸೋದು. ಹಳೆಯ ಹೆಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಂಗಡಿಯಲ್ಲೇ ಕೂಡಿಸಿ, ಎಳೆದು ನೋಡಿ ದುಡ್ಡು ಕೊಡಿ. ಬರುವಾಗ ಎರಡೂ ಬಾಯಿಗೆ ರಬ್ಬರ್ ಮುಚ್ಚಳ ಕೇಳಿ ಇಸ್ಕೊಳ್ಳಿ.